ಒಂದೂವರೆ ಗೇಣು

ಅಂದಾಜುಪಟ್ಟಿಯಲ್ಲಿ ಅದಕ್ಕೊಂದು ಸಾಲು ಇರಲಿಲ್ಲ.
ನೆಲ ಸಮ ಮಾಡುವುದು, ಪಾಯ ಅಗೆಯುವುದು,
ಗರಸು ತುಂಬಿ ರೋಲರ್ ಹೊಡೆಯುವುದು, ಎಲ್ಲಕ್ಕೂ ದರ ಇತ್ತು.
ತೊರವಿಯ ಆಚೆ, ಟಿಕೋಟಾ ರಸ್ತೆಗೆ ಮುಖ ಮಾಡಿ
ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜು ಏಳಬೇಕಿದ್ದ ನಾಲ್ಕೆಕರೆಯಲ್ಲಿ
ಜಾಲಿ ಮಾತ್ರ
ಯಾವ ದರವೂ ಇಲ್ಲದೆ ನಿಂತಿತ್ತು.

ಬಳ್ಳಾರಿ ಜಾಲಿ ಅನ್ನುತ್ತೇವೆ ನಾವು.
ಬಳ್ಳಾರಿಯವರು ಯಾರ ಮೇಲೆ ಹಾಕುತ್ತಾರೋ.
ಎಂದೋ ಹಡಗು ಹತ್ತಿ ಬಂದದ್ದಂತೆ,
ಉರುವಲಿಗೆಂದು, ನೆರಳಿಗೆಂದು ಯಾರೋ ಬೀಜ ಚೆಲ್ಲಿದರಂತೆ.
ಆಮೇಲೆ ಆಡು ತಿಂದು ದಾಟಿಸಿತು,
ಹಳ್ಳ ಹೊತ್ತು ದಾಟಿಸಿತು,
ಕೇಳುವವರಿಲ್ಲದ ಹೊಲ ಎಲ್ಲಿದೆಯೆಂದು
ತಲಾಟಿಗಿಂತ ಮೊದಲು ಅದಕ್ಕೇ ಗೊತ್ತಾಯಿತು.

ದಸ್ತಗೀರನ ಜೆಸಿಬಿ ಎರಡು ದಿನದಲ್ಲಿ ಕೆಡವಿ ಹಾಕಿತು.
ಮುಳ್ಳಿಗೆ ಟಿಪ್ಪರಿನ ಟಾಯರು ಎರಡು ಹೋದವು, ನನ್ನ ಬೂಟಿನ ಅಟ್ಟೆಯೂ.
ಗುತ್ತಿಗೆದಾರ ಗುಡದಿನ್ನಿ ಫೋಟೋ ಹೊಡೆದು ಮಾಲಕರಿಗೆ ಕಳಿಸಿದ:
‘ಸೈಟ್ ಕ್ಲಿಯರ್.’
ಮೇಲಿನ ಎರೆಮಣ್ಣು ಹದಿನೇಳು ಟ್ರಿಪ್ಪು ಹೊರಗೆ ಹೋಯಿತು.
ಗೇಟ್ ಪಾಸಿಗೆ ಸಹಿ ಹಾಕಿದವಳು ನಾನು.

ಮಿರಗದ ಮಳೆ ಎರಡು ಸಲ ಬಿತ್ತು, ಅಷ್ಟೇ.
ಸುಣ್ಣದಲ್ಲಿ ಹಾಕಿದ ಗೆರೆಯ ಮೇಲೇ
ಒಂದು ಬೊಡ್ಡೆಗೆ ಒಂಬತ್ತು ಚಿಗುರು.
ಕಾಲಂ ನಂಬರ್ ಸಿ-೪ ಏಳಬೇಕಾದಲ್ಲಿ
ಅದೇ ಮೊದಲು ಎದ್ದು ನಿಂತಿತ್ತು.
ಎಷ್ಟು ಎಳೆಯದೆಂದರೆ
ಮುಳ್ಳಿಗೂ ಇನ್ನೂ ಚುಚ್ಚಲು ಬರುತ್ತಿರಲಿಲ್ಲ.
ಡೀಸೆಲ್ ಸುರಿದರು. ಉಪ್ಪು ಸುರಿದರು.
ಗುಡದಿನ್ನಿ ಬೈಗುಳವನ್ನೂ ಸುರಿದ.
‘ಮ್ಯಾಲೆ ಕಾಂಕ್ರೀಟು ಬೀಳ್ಲಿ, ಉಸಿರುಗಟ್ಟಿ ಸಾಯ್ತದ’ ಅಂದ.

ಕಡಿದ ಟೊಂಗೆ ಸುಟ್ಟು ಇದ್ದಿಲು ಮಾಡಲು ಬಂದಿದ್ದಳು ಸಾಬವ್ವ,
ಹೊಗೆಯ ಬಣ್ಣ ನೋಡಿಯೇ ಭಟ್ಟಿಯ ಹೊಟ್ಟೆ ಹೇಳುವವಳು.
ಚಿಗುರಿನ ಮುಂದೆ ಕುಕ್ಕುರುಗಾಲಲ್ಲಿ ಕೂತಳು, ನಕ್ಕಳು.
‘ಕಡದ್ರ ಸಾಯಂಗಿಲ್ರಿ ಬಾಯಾರ, ಸಿಟ್ಟಿಗೇಳ್ತದ.
ಅದರ ಜೀವ ತುದ್ಯಾಗಿಲ್ಲ, ತಳದಾಗೂ ಇಲ್ಲ.’
ಸಲಿಕೆ ಇಸಿದುಕೊಂಡು ಬುಡ ಬಿಡಿಸಿದಳು,
ಮಸಿಗಟ್ಟಿದ ಕೈ ಮಣ್ಣೊಳಗೆ ಇಳಿಸಿ ಅಳೆದಳು:
ಒಂದು ಗೇಣು. ಮತ್ತೆ ಅರ್ಧ.
ಅಲ್ಲಿ ಮುಷ್ಟಿಯಂಥ ಗಂಟು, ಕೆಂಪಗೆ.
‘ಇದನ್ನ ತಗೀರಿ. ಕೆಳಗಿನ ಬೇರು ಪಾತಾಳಕ್ಕರ ಹೋಗಿರ್ಲಿ,
ಮತ್ತ ಏಳಂಗಿಲ್ಲ.’

ನಾನು ಟೇಪು ಹಿಡಿದೆ. ಹನ್ನೊಂದೂವರೆ ಇಂಚು.
ನನ್ನ ಕೈಗೆ ಅದು ಒಂದೂವರೆ ಗೇಣು ಆಗಲಿಲ್ಲ, ಕಡಿಮೆ ಬಿತ್ತು;
ಅವಳ ಬೆರಳು ಗಿಡ್ಡ, ತುದಿಗಳು ಸುಟ್ಟು ಮೊಂಡಾದವು.
ಡೈರಿಯಲ್ಲಿ ಇಂಚು ಬರೆದು ಪಕ್ಕದಲ್ಲಿ ಅವಳ ಹೆಸರು ಬರೆದೆ.
ಬಿಲ್ಲಿನಲ್ಲಿ ಅದು
‘ಇತರೆ ಕೆಲಸ, ಆಳು ಹನ್ನೆರಡು’ ಆಯಿತು.

‘ಎಲ್ಲಾ ಹೇಳಿಕೊಟ್ಟುಬಿಟ್ಟಿ, ನಾಳೆ ನಿನ್ನ ಭಟ್ಟಿಗೆ?’ ಅಂದೆ.
ಚೀಲದ ಬಾಯಿ ಹೊಲಿಯುತ್ತಿದ್ದವಳು ದಬ್ಬಣ ನಿಲ್ಲಿಸಲಿಲ್ಲ.
‘ಜಾಲಿಗೇನ್ ಬರ ಬರ್ತದ್ರೀ,
ನಿಮ್ಮಂಥಾವ್ರು ಇರೂತನಕಾ.’
ಚೇಷ್ಟೆ ಅಂದುಕೊಂಡೆ ಆಗ.

ಈಗ ಕೋಲ್ಡ್ ಸ್ಟೋರೇಜಿನ ಒಳಗೆ ನಾಲ್ಕು ಡಿಗ್ರಿ.
ಪೆಟ್ಟಿಗೆ ಪೆಟ್ಟಿಗೆ ದ್ರಾಕ್ಷಿ ಮುಖ ಸುಕ್ಕಿಸಿ ಮಲಗಿದೆ.
ನೆಲದಲ್ಲಿ ಒಂದು ಬಿರುಕಿಲ್ಲ, ಬೇಕಾದರೆ ಬಂದು ನೋಡಿ.

ಮೊನ್ನೆ ಇಂಡಿ ರಸ್ತೆಯ ಹೊಸ ಲೇಔಟಿನಲ್ಲಿ ಸ್ಕೂಟರ್ ನಿಲ್ಲಿಸಿದೆ.
ತಗ್ಗು ತುಂಬಿದ ಜಾಗ, ಅಂಗನವಾಡಿಗೆಂದು ಬಿಟ್ಟದ್ದು,
ಮೂಲೆಗೊಂದು ಕಲ್ಲು, ಬಣ್ಣದ ಬೋರ್ಡು.
ತುಂಬಿದ್ದು ನಮ್ಮ ಮಣ್ಣು. ಹದಿನೇಳು ಟ್ರಿಪ್ಪು.
ಜಾಲಿ, ಆ ಮಕ್ಕಳಷ್ಟೇ ಎತ್ತರ,
ಹಾಜರಿ ಕರೆಯಲೆಂದು ಕಾಯುತ್ತಿರುವಂತೆ.

ಎಣಿಸಿದೆ. ನಲವತ್ತಾದ ಮೇಲೆ ಬಿಟ್ಟೆ.
ಪಕ್ಕದ ಸೈಟಿನ ವಾಚ್‌ಮನ್ ಸಲಿಕೆ ಕೊಟ್ಟ, ಯಾಕೆಂದು ಕೇಳಲಿಲ್ಲ.
ಮೊದಲನೆಯದರ ಬುಡಕ್ಕೆ ಕೂತು,
ಟೇಪು ಚೀಲದಲ್ಲೇ ಬಿಟ್ಟು,
ಕೈ ಇಳಿಸಿದೆ:
ಒಂದು ಗೇಣು,
ಅದರ ಕೆಳಗೆ
ಅರ್ಧಕ್ಕೆ ಸ್ವಲ್ಪ ಕಮ್ಮಿ.