ನೀಲಿ ಮೊದಲು

ತರಬೇತಿಗೆಂದು ದುಬೈಯಿಂದ ಬಂದ ಹುಡುಗ
ಕರಿಯ ಪರದೆಯನ್ನು ಕರಿಯ ಗೋಡೆಗೆ ತೂಗಿ
ದೀಪ ಆರಿಸಿ, ಎಲ್ಲಿದೆ ತೋರಿಸಿ ಅಂದ.
ರೂವಿಯ ಗೋದಾಮಿನಲ್ಲಿ ನಾವು ಹನ್ನೊಂದು ಮಂದಿ
ಬೆಪ್ಪಾಗಿ ಕತ್ತಲೆಯೊಳಗೆ ಕತ್ತಲೆ ಹುಡುಕಿದೆವು.

ಇದಕ್ಕೆ ಬೆನ್ನ ಹಿಂದೆ ದೀಪವಿಲ್ಲ.
ಎಂಬತ್ತು ಲಕ್ಷ ಚುಕ್ಕಿ, ಒಂದೊಂದೂ
ತಾನೇ ಉರಿಯುತ್ತದೆ, ತಾನೇ ನಂದುತ್ತದೆ.
ಕಪ್ಪು ಅಂದರೆ ಇಲ್ಲಿ ಬಣ್ಣವಲ್ಲ,
ಸುಮ್ಮನಿರುವುದು.

ಪಕ್ಕದಲ್ಲಿ ಪುತ್ತುಬಾವ ಸೊಂಟ ಒತ್ತಿಕೊಂಡ.
ಡಬ್ಬಿ ಟೀವಿಯ ಕಾಲದಲ್ಲಿ ನಾವಿಬ್ಬರೂ
ಮತ್ರಾದ ಮೂರು ಮಾಳಿಗೆಗೆ ಹೊತ್ತದ್ದು
ಟೀವಿಯನ್ನಲ್ಲ, ಅದರ ಹೊಟ್ಟೆಯನ್ನು.
ಈಗ ಅದರ ಹೊಟ್ಟೆ ಕರಗಿ ನಮಗೆ ಬಂದಿದೆ.

ಇನ್ನೂ ಬರಲಿದೆಯಂತೆ:
ಚಾಪೆಯ ಹಾಗೆ ಸುತ್ತಿಡುವ ಪರದೆ,
ಆಚೆಯ ಗೋಡೆ ಕಾಣುವ ಪರದೆ,
ರಾಗಿಕಾಳಿಗಿಂತ ಸಣ್ಣ ದೀಪಗಳನ್ನು
ಒತ್ತೊತ್ತಾಗಿ ಬಿತ್ತಿದ್ದು. ಅದಕ್ಕೆ ಸುಟ್ಟ ಕಲೆಯಿಲ್ಲ,
ಬೆಲೆ ಕೇಳಬೇಡಿ.

ನಾನು ಕೇಳಿದ್ದು ಬೆಲೆಯಲ್ಲ.
ಇದು ಹಾಳಾಗುವುದು ಹೇಗೆ?
ನಮ್ಮ ಅನ್ನ ಅಲ್ಲಿಂದಲೇ ತಾನೆ.
ಹುಡುಗ ಕೊಂಚ ತಡೆದ:
ಕೆಂಪು ಹಸಿರು ಗಟ್ಟಿ ಜೀವ. ನೀಲಿ ಮೊದಲು ಸಾಯುತ್ತದೆ.
ಒಂದೇ ಚಿತ್ರವನ್ನು ಬಹಳ ಹೊತ್ತು ಇಡಬೇಡಿ.

ಮರುವಾರ ಸಿದಾಬಿನಿಂದ ಫೋನು.
ಮೀನಿನ ಬಲೆ ಒಣಗಿಸಿದ ಓಣಿ, ತಗ್ಗು ಬಾಗಿಲು,
ಒಳಗೆ ನಡುಗೋಡೆಯ ಮೇಲೆ ಅರವತ್ತೈದು ಇಂಚು.
ಪರೀಕ್ಷೆಯ ಬೂದು ಬಣ್ಣ ಹಾಕಿದೆ.
ಮೂಲೆಯಲ್ಲಿ ವಾರ್ತಾ ಚಾನೆಲ್ಲಿನ ಮುದ್ರೆ, ಮಸುಕು ಮಸುಕು;
ಅದರ ಕೆಳಗೆ, ಗಡಿಯಾರವಿದ್ದಲ್ಲಿ, ಎರಡು ಚುಕ್ಕಿ.
ಗಂಟೆ ಬದಲಾಗಿತ್ತು, ನಿಮಿಷ ಬದಲಾಗಿತ್ತು,
ಅವು ಗುರುತು ಬಿಟ್ಟಿರಲಿಲ್ಲ.
ನಡುವೆ ಅಲ್ಲಾಡದೆ ಕೂತವು ಸುಟ್ಟು ಅಂಟಿದ್ದವು.

ದಿನಕ್ಕೆ ಎಷ್ಟು ಹೊತ್ತು ನೋಡುತ್ತೀರಿ?
ಫಾರಮ್ಮಿನಲ್ಲಿ ಆ ಕಾಲಂ ತುಂಬಬೇಕು ನಾನು.
ಮೊಮ್ಮಗ ತಲ್ಹಾ ದನಿ ತಗ್ಗಿಸಿದ:
ನಾವೆಲ್ಲ ಕೆಲಸಕ್ಕೆ ಹೋಗುತ್ತೇವೆ. ಮನೆಯಲ್ಲಿರುವುದು ಅಜ್ಜಿ.
ಅಜ್ಜಿಗೆ ಕಣ್ಣು ಕಾಣುವುದಿಲ್ಲ.

ಎಂಬತ್ತು ಲಕ್ಷ ದೀಪ, ಹಗಲೂ ರಾತ್ರಿ,
ಯಾರೂ ನೋಡದೆ.

ಝುವೈನಾ ಅಜ್ಜಿ ಲೋಟದ ಅಂಚಿಗೆ ಬೆರಳಿಟ್ಟು
ಚೆಲ್ಲದ ಹಾಗೆ ಗಾವಾ ಬಗ್ಗಿಸಿದಳು,
ಖರ್ಜೂರದ ತಟ್ಟೆ ನನ್ನ ಕಡೆ ಸರಿಸಿದಳು.
ಹೊಸದು ತರಿಸುತ್ತಾನಂತೆ ಇವನು, ಫುಟ್ಬಾಲ್ ನೋಡಲು.
ಅದರ ದನಿ ಹೇಗಿದೆ, ಮಗಾ?

ಹನ್ನೊಂದು ಮಂದಿಯಲ್ಲಿ ಒಬ್ಬನೂ ಇದನ್ನು ಕೇಳಿರಲಿಲ್ಲ.
ಹೊಟ್ಟೆಯಿಲ್ಲದ್ದಕ್ಕೆ ದನಿ ಎಲ್ಲಿಂದ?
ನನ್ನ ಹರಕು ಅರಬ್ಬಿಯಲ್ಲಿ ಹೇಳಿದೆ:
ಸಪೂರ ಅಜ್ಜಿ. ಪರದೆಗಿಂತ ಸಪೂರ.
ಹಾಗಾದರೆ ಇದೇ ಇರಲಿ, ಅಂದಳು.
ತಲ್ಹಾ ನನ್ನನ್ನು ಕೊಲ್ಲುವ ಹಾಗೆ ನೋಡಿದ.

ಹೊರಗೆ ಹನ್ನೆರಡರ ಬಿಸಿಲಿಗೆ ಸಿದಾಬಿನ ಕಡಲು.
ನೀಲಿ ಇನ್ನೂ ಇತ್ತು.
ಹೋದ ತಿಂಗಳು ಕಣ್ಣಿನ ಡಾಕ್ಟರು ನನಗೂ
ಪೊರೆ ಹಳದಿಗಟ್ಟಿದೆ ಅಂದಿದ್ದರು.
ನಿಂತು ನೋಡಿದೆ.
ಒಂದೇ ಚಿತ್ರ ಬಹಳ ಹೊತ್ತಾಯಿತು ಎಂದು ನೆನಪಾಗಿ
ವ್ಯಾನು ಹತ್ತಿದೆ.