ಹರಿಯುವ ಕೈ

ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಅಂಗಡಿ ಬಾಗಿಲಿಗೆ
'ಇವತ್ತು ರಜಾ' ಚೀಟಿ ಅಂಟಿಸಿ ಬಸ್ಸು ಹತ್ತಿದೆ.
ಐವತ್ತೊಂದು ವರ್ಷದಲ್ಲಿ ಹೀಗೆ ಮುಚ್ಚಿದ್ದು ಮೂರೇ ಸಲ:
ಅಪ್ಪ ಸತ್ತಾಗ,
ಓಹಾಯೊ ಹೊಳೆ ನಮ್ಮ ಪೊಮೆರಾಯ್‌ನ ಮೆಟ್ಟಿಲು ಹತ್ತಿದಾಗ,
ಮತ್ತೆ, ಈ ಮಸೂದೆಗೆ.

ಮೆರವಣಿಗೆಯ ಜಾಯಮಾನ ನನ್ನದಲ್ಲ.
ಟೀವಿಯಲ್ಲಿ ಘೋಷಣೆ ಕೂಗುವವರನ್ನು ಕಂಡಾಗಲೆಲ್ಲ
ಇವರಿಗೇನು ಕೆಲಸವಿಲ್ಲವೆ ಅನ್ನುತ್ತಿದ್ದವನು.
ಈಗ ನನ್ನ ತೊಡೆಯ ಮೇಲೂ ಒಂದು ರಟ್ಟು,
ಲೊರೇನಳ ದುಂಡು ಅಕ್ಷರ: 'ಓದದೆ ಸಹಿ ಹಾಕಬೇಡಿ.'
ಎರಡು ಸಾವಿರ ಪುಟವಂತೆ.
ಡಾಕ್ಟರ ಚೀಟಿಯ ಒಂದೇ ಒಂದು ಸಾಲನ್ನು
ಕನ್ನಡಕ ಒರೆಸಿಕೊಂಡು ಎರಡು ಸಲ ಓದುವವನು ನಾನು.
ಸೊನ್ನೆಯೊಂದು ಜಾಸ್ತಿಯಾದರೆ ಜೀವವೊಂದು ಕಡಿಮೆ.

ಅಪ್ಪನ ಹತ್ತಿರ ಸಾಲದ ಪುಸ್ತಕವಿತ್ತು, ಕೆಂಪು ಬೈಂಡಿನದು.
ಗಣಿ ಮುಚ್ಚಿದ ವರ್ಷ ಅದು ತುಂಬಿ
ಅಂಚಿನಲ್ಲೆಲ್ಲ ಅಡ್ಡಡ್ಡ ಬರೆದಿದ್ದ.
ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಒಲೆ ಮುಂದೆ ಕೂತು
ಕೆಲವು ಹಾಳೆ ಹರಿಯುತ್ತಿದ್ದ.
ಯಾರ ಹಾಳೆ, ಅಮ್ಮನಿಗೂ ಹೇಳಲಿಲ್ಲ.
ಕೈಯೆತ್ತಿ ಕೊಟ್ಟರೆ ಕೊಟ್ಟಂತೆ;
ಕೈ ತಿರುಚಿ ಕೊಡಿಸಿದರೆ ಅದರ ಹೆಸರೇ ಬೇರೆ.
ಇಷ್ಟೇ ನನ್ನ ರಾಜಕೀಯ. ಉಳಿದದ್ದು
ಹಾಸಿಗೆ ಇದ್ದಷ್ಟು ಕಾಲು.

ವಾಷಿಂಗ್ಟನ್ನಿನ ಹುಲ್ಲು ಇನ್ನೂ ಹಸುರಾಗಿರಲಿಲ್ಲ.
ಹಗ್ಗದ ಆಚೆಯಿಂದ ಒಬ್ಬಳು ಹುಡುಗಿ ಕೂಗಿದಳು:
'ನಿಮಗೆ ಕರುಣೆ ಇಲ್ಲವಾ, ಅಜ್ಜ?'
ನಮ್ಮ ಕಡೆಯವನೊಬ್ಬ ಅವಳಿಗೆ ಕೊಟ್ಟ ಉತ್ತರವನ್ನು
ಬರೆಯಲಾರೆ. ಕೇಳಿಸದವನಂತೆ ರಟ್ಟು ಎತ್ತಿ ಹಿಡಿದೆ.
ಕೇಳಿಸಿತ್ತು.

ಎಲ್ಲರಿಗಿಂತ ದೊಡ್ಡ ದನಿ ಡೆಲ್ಬರ್ಟ್ ಕಾಸ್ಟೊನದು,
ಅರ್ಧ ಊರಿನ ಸೂರು ಹೊದಿಸಿದವನು.
ಬರುವಾಗ ಕತ್ತಲಲ್ಲಿ ಅವನಿಗಾಗಿ ಬಸ್ಸು ಎರಡು ಸಲ ನಿಂತಿತು.
ನೀರು ಕುಡಿದ, ಕುಡಿದ, ಮತ್ತೆ ಕುಡಿದ.
ಉಸಿರಿಗೆ ಮರದಡಿ ಕೊಳೆತ ಸೇಬಿನ ವಾಸನೆ.
ಜನವರಿಯಿಂದ ಅವನ ಇನ್ಸುಲಿನ್ ಬುಡ್ಡಿ
ಹೆಸರು ಬರೆಸಿಕೊಂಡು ನನ್ನ ಫ್ರಿಜ್ಜಿನಲ್ಲೇ ಕೂತಿದೆ.
ನನಗೆ ಗೊತ್ತಿತ್ತು.
ಗಿರಾಕಿಯ ಗುಟ್ಟು ಗಲ್ಲಾ ದಾಟಬಾರದು, ಅದೂ
ಅಪ್ಪ ಹೇಳಿಕೊಟ್ಟದ್ದೇ.

'ಅರ್ಧರ್ಧ ಚುಚ್ಚಿಕೊಳ್ತಿದ್ದೆ,' ಅಂದ. 'ಆಸ್ಪತ್ರೆ ಬೇಡ, ವೆಂಡೆಲ್.
ಬಿಲ್ಲು ಬರುತ್ತೆ.'
ಡ್ರೈವರನಿಗೆ ಹೇಳಿದೆ: ಕಂಬರ್‌ಲೆಂಡಿಗೆ ತಿರುಗಿಸು.

ಬಾಗಿಲು ತೆರೆಯಿತು. ಕಾಸಿಲ್ಲದವನನ್ನೂ
ತುರ್ತಿನಲ್ಲಿ ಬಂದರೆ ಹಿಂದೆ ಕಳಿಸುವಂತಿಲ್ಲ;
ಹಾಗಂತ ಒಂದು ಕಾಯಿದೆ. ಅದಕ್ಕೆ ಸಹಿ ಹಾಕಿದವರು
ನಾನು ಎರಡು ಸಲ ಓಟು ಹಾಕಿದವರೇ.
ಅದನ್ನು ನಾನು ಓದಿರಲಿಲ್ಲ.

ನಲವತ್ತು ಜನ ಹಜಾರದಲ್ಲಿ ಕಾದೆವು,
ರಟ್ಟುಗಳ ಮುಖ ಗೋಡೆಗೆ ತಿರುಗಿಸಿಟ್ಟು.
ನರ್ಸು ಕೇಳಿದಳು, ನೀವು ಮನೆಯವರಾ?
ಔಷಧಿ ಅಂಗಡಿಯವನು, ಅಂದೆ.
ಮಾತು ಕಟ್ಟಿಸಿದ ಟೀವಿಯಲ್ಲಿ ಅದೇ ಹುಲ್ಲು,
ಇರುವೆ ಗಾತ್ರದ ನಾವು.

ಮಸೂದೆ ಗೆದ್ದಿತು. ಈಗಲೂ ಬೇಡವೆಂದೇ ನನ್ನ ಮಾತು;
ನಾಳೆ ಕೇಳಿದರೂ ಅದೇ.
ಮೂರು ವಾರ ಬಿಟ್ಟು ಡೆಲ್ಬರ್ಟ್ ಬಂದ, ಬಡವಾಗಿದ್ದ.
ಗಲ್ಲಾದ ಮೇಲೆ ಹತ್ತು ಡಾಲರು ಇಟ್ಟು, 'ಉಳಿದದ್ದು ಬರಕೋ,' ಅಂದ.
ಕೆಂಪು ಪುಸ್ತಕ ಹುಡುಕಿ ತಂದೆ, ಧೂಳು ಒರೆಸಿದೆ,
ಅಪ್ಪನ ಕೊನೆಯ ಸಾಲಿನ ಕೆಳಗೆ ನನ್ನ ಮೊದಲ ಸಾಲು.
ಅಂಕಿ ಸರಿಯಾಯಿತಾ ಎಂದು ತಲೆಕೆಳಗಾಗೇ ಓದಿದ.

ಡಿಸೆಂಬರಿಗೆ ಏನು ಮಾಡಬೇಕೆಂದು ಆಗಲೇ
ನನ್ನ ಕೈಗೆ ಗೊತ್ತಿತ್ತು. ಅವನಿಗೂ ಗೊತ್ತಾಗಿರಬೇಕು.
ಬಾಗಿಲ ಗಂಟೆ ಅಲ್ಲಾಡದಂತೆ ಹಿಡಿದು ನಿಂತ:

'ನನ್ನ ಹಾಳೆ ಹರೀಬೇಡ.
ನಮ್ಮಪ್ಪನದನ್ನ ನಿಮ್ಮಪ್ಪ ಹರಿದಿದ್ರು.
ಆಮೇಲೆ ಅವನು ಸಾಯೋ ತನಕ
ಈ ಬೀದೀಲಿ ನಡೀಲಿಲ್ಲ.'