ಬೆರಳಗಲ ಸಂದು

ಅಡುಗೆಮನೆಯ ಮೇಜಿನ ಮೇಲೆ ಚೌಕುಳಿ ಹಾಳೆ,
ಮೂಲೆ ಏಳದಂತೆ ಒಂದು ಕಡೆ ಉಪ್ಪಿನ ಡಬ್ಬಿ, ಇನ್ನೊಂದು ಕಡೆ ಸಿಂಪಿಚಿಪ್ಪು.
ನೋವಾ ಸ್ಕೋಷಿಯಾದ ಏಪ್ರಿಲ್. ಕೊಲ್ಲಿಯ ಮೇಲಿನ ಮಂಜು
ಇನ್ನೂ ಹಾಸಿಗೆ ಬಿಟ್ಟೆದ್ದಿಲ್ಲ.
ನಾನು ಎದ್ದು ಎರಡು ಗಂಟೆಯಾಯಿತು.

ಹಳೆಯ ಡೆಕ್ಕು ಹತ್ತಡಿ. ಇನ್ನು ಎಂಟಡಿ ಬೇಕು.
ಯಾಕೆಂದರೆ, ಕುರ್ಚಿ ಹಿಂದಕ್ಕೆ ತಳ್ಳಿ ಏಳುವಾಗ
ಯಾರ ಮೊಣಕಾಲಿಗೂ ತಾಗಬಾರದು. ಅಷ್ಟೇ.
ಮಗಳು ಥೇಯಾ ನಗುತ್ತಾಳೆ: ಬರೋರು ಯಾರಮ್ಮ?
ಬರುತ್ತಾರೆ. ಮೊದಲು ಜಾಗ ಇರಲಿ.

ಮರದ ಅಡ್ಡೆಯ ಕಾರ್ಕಮ್ ಕಿವಿಯ ಹಿಂದಿನ ಪೆನ್ಸಿಲು ತೆಗೆದು
ಕೇಳಿದ್ದು ಒಂದೇ ಪ್ರಶ್ನೆ:
"ಹೊಸದು ಹಳೆಯದಕ್ಕೆ ಜೋತುಬೀಳುತ್ತೋ,
ಇಲ್ಲ ತನ್ನ ಕಾಲ ಮೇಲೆ ತಾನು ನಿಲ್ಲುತ್ತೋ?"
ಅವನು ಕೇಳಿದ್ದು ಮರದ ಮಾತು.
ಸಾಲಿನಲ್ಲಿ ಹಿಂದಿದ್ದ ಇಬ್ಬರು ಹೆಂಗಸರು ಮಾತ್ರ
ಇದ್ದಕ್ಕಿದ್ದಂತೆ ಬಣ್ಣದ ಡಬ್ಬಿಗಳನ್ನು ಓದತೊಡಗಿದರು.

ಹಳೆಯದನ್ನು ಕಟ್ಟಿದವನು ಎಲ್ರಿಕ್.
ಈಗ ಹ್ಯಾಲಿಫ್ಯಾಕ್ಸಿನಲ್ಲಿ, ಇನ್ನೊಬ್ಬಳ ಮನೆಗೆ
ಕಪಾಟು ಹೊಡೆಯುತ್ತಿರಬಹುದು, ನನಗೇಕೆ.
ಹದಿನೇಳು ಚಳಿಗಾಲ ಕಂಡರೂ ಅದು ಕಿರ್ ಎಂದಿಲ್ಲ.
ಒಮ್ಮೆಯಾದರೂ ಅಂದಿದ್ದರೆ
ನನ್ನ ಸಿಟ್ಟಿಗೊಂದು ಆಧಾರ ಸಿಗುತ್ತಿತ್ತು.

ನಿನ್ನೆ ಟಾರ್ಚು ಹಿಡಿದು ಅದರಡಿ ತೂರಿದೆ,
ಬೆನ್ನ ಮೇಲೆ ತೆವಳುತ್ತ, ಹಣೆಗೆ ಜೇಡರ ಬಲೆ ಕಟ್ಟಿಕೊಂಡು.
ಗೋಡೆಪಟ್ಟಿ ಗಟ್ಟಿ. ಬೋಲ್ಟಿನ ತಲೆಗೆ ತುಕ್ಕಿನ ಸುಳಿವಿಲ್ಲ.
ಜಂತೆಯಿಂದ ಜಂತೆಗೆ ಟೇಪು ಎಳೆದೆ.
ಹದಿನಾರು ಅಂಗುಲ ಇರಬೇಕಾದದ್ದು ಹನ್ನೆರಡು.
ಮತ್ತೆ ಹನ್ನೆರಡು.
ಬಾಗಿಲ ಮುಂದೆ ಒಂಬತ್ತು.
ಎರಡು ಮೊಳೆ ಸಾಕಾದಲ್ಲಿ ಐದು.
ಮರದ ಮೈಮೇಲೆ ಅವನ ಪೆನ್ಸಿಲಿನ ಗುಣಾಕಾರ,
ಹೊಡೆದುಹಾಕಿ ಮತ್ತೆ ಮಾಡಿದ್ದು, ಅದೇ ಉತ್ತರ,
ಅದನ್ನೂ ಹೊಡೆದುಹಾಕಿ ಮತ್ತೆ.

ಅಳೆದೂ ಸುರಿದೂ, ಅಳೆದೂ ಸುರಿದೂ
ಯಾವುದಕ್ಕೂ ಅಂಜದವನೆಂದು
ಇಪ್ಪತ್ತು ವರ್ಷ ನಾನು ನಂಬಿದ್ದ ಗಂಡಸು
ಇಲ್ಲಿ, ಯಾರೂ ನೋಡದ ಕಡೆ,
ಅಂಜಿದ್ದನ್ನೆಲ್ಲ ಮೊಳೆ ಹೊಡೆದು ಇಟ್ಟಿದ್ದ.
ಥೇಯಾ ಆಗಷ್ಟೇ ಓಡಲು ಕಲಿತಿದ್ದಳು,
ಓಡುತ್ತಿದ್ದದ್ದು ಆ ಬಾಗಿಲಿನಿಂದಲೇ.

ಸ್ವಲ್ಪ ಹೊತ್ತು ಹಾಗೇ ಬಿದ್ದುಕೊಂಡೆ.
ಕ್ಷಮಿಸಿದೆ ಎಂದುಕೊಳ್ಳಬೇಡಿ.
ಬೆನ್ನಿಗೆ ಕಲ್ಲೊಂದು ಒತ್ತುತ್ತಿತ್ತು,
ಎದ್ದು ಬಂದೆ.

ಈಗ ಬರೆಯುತ್ತೇನೆ. ಕಂಬ ಆರು.
ಗುಂಡಿ ನಾಲ್ಕಡಿ, ಮೇಲೊಂದು ಗೇಣು,
ಹಿಮ ಕಾಲು ಚಾಚಿದರೂ ತಗಲದಷ್ಟು ಆಳ.
ತೊಲೆ ಎರಡು. ಜಂತೆ ಹದಿನಾರು ಅಂಗುಲಕ್ಕೊಂದು,
ಕೋಷ್ಟಕ ಹೇಳಿದಷ್ಟು, ಒಂದೂ ಹೆಚ್ಚಿಲ್ಲ.
ಹೇಳಿದ್ದನ್ನು ನಂಬುವ ಅಭ್ಯಾಸ
ಮರದಿಂದಲೇ ಮತ್ತೆ ಶುರುವಾಗಲಿ.

ಹಳೆಯದಕ್ಕೆ ಜೋತುಬೀಳುವುದಿಲ್ಲ.
ನೆಲ ಉಬ್ಬಿದಾಗ ಅದು ಅದರ ಪಾಡಿಗೆ ಏಳಲಿ,
ಇದು ಇದರ ಪಾಡಿಗೆ.
ನಡುವೆ ಬೆರಳಗಲ ಸಂದು.
ಎತ್ತರ ಮಾತ್ರ ಒಂದೇ,
ಬರಿಗಾಲಲ್ಲಿ ದಾಟುವವರು ಎಡವಬಾರದು.
ಆ ಸಂದಿನಲ್ಲಿ ಏನೇನು ಬಿದ್ದು ಕಳೆದುಹೋಗುತ್ತದೋ:
ಅಂಗಿಯ ಗುಂಡಿ, ಕಾಲು ಡಾಲರು, ಮೇಪಲ್ ಮರದ ರೆಕ್ಕೆಬೀಜ.

ಥೇಯಾ ಹಾಳೆಯ ಮೇಲೆ ಬಗ್ಗಿ ಕೇಳಿದಳು:
ಬಾಗಿಲ ಮುಂದಿನ ಹೆಚ್ಚಿನ ಜಂತೆ
ಬಿಚ್ಚಿ ಇದಕ್ಕೆ ಹಾಕಬಹುದಲ್ಲ,
ಮರದ ಬೆಲೆ ನೋಡಿದೆಯಾ?

ನೋಡಿದ್ದೆ.
ಪೆನ್ಸಿಲು ಮೊಂಡಾಗಿತ್ತು.
ಚೂರಿ ತರಲು ಎದ್ದೆ.